ನುಡಿಯಬೇಕಾದ ಸತ್ಯ, ಕಾಯಬೇಕಾದ ಮೌನ

ರೋಗವು ಒಬ್ಬರ ದೇಹದಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ನೋವನ್ನು ಉಣ್ಣುವವರೂ ಅವರೇ. ಆದುದರಿಂದ ರೋಗದ ವಿಷಯವನ್ನು ಯಾರಿಗೆ ತಿಳಿಸಬೇಕು, ಯಾರಿಗೆ ತಿಳಿಸಬಾರದು ಎಂಬ ನಿರ್ಧಾರವೂ ರೋಗಿಗೇ ಸೇರಿದ್ದೆಂಬುದು ವೈದ್ಯವೃತ್ತಿಯ ಹಳೆಯ ನಿಯಮ. ವಂಶವಾಹಿಗಳ ಅಧ್ಯಯನ ಬೆಳೆದಂತೆ ಈ ನಿಯಮವು ಕಠಿಣವಾದ ಪರೀಕ್ಷೆಗೆ ಒಳಗಾಗಿದೆ. ಒಬ್ಬರ ರಕ್ತದಲ್ಲಿ ಕಂಡ ದೋಷವು ಅವರ ಒಡಹುಟ್ಟಿದವರಲ್ಲಿಯೂ ಮಕ್ಕಳಲ್ಲಿಯೂ ಇರಬಹುದಾದಾಗ, ಆ ಅರಿವು ಯಾರ ಸ್ವತ್ತು?

ಎಲ್ಲ ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬರುವುದಿಲ್ಲ. ಸ್ತನ ಕ್ಯಾನ್ಸರಿನಲ್ಲಿ ನೂರಕ್ಕೆ 5ರಿಂದ 10ರಷ್ಟು ಮಾತ್ರ ಹುಟ್ಟಿನಿಂದ ಬಂದ ವಂಶವಾಹಿಯ ದೋಷದಿಂದ ಉಂಟಾಗುತ್ತದೆ. ಇಂತಹ ಕುಟುಂಬಗಳನ್ನು ಪರಿಶೀಲಿಸಿದ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮತ್ತು ಅವರ ಸಂಗಡಿಗರು, ದೋಷದ ನೆಲೆಯು 17ನೆಯ ವರ್ಣತಂತುವಿನಲ್ಲಿದೆಯೆಂದು 1990ರಲ್ಲಿ ತೋರಿಸಿದರು. 1994ರಲ್ಲಿ ಆ ವಂಶವಾಹಿಯನ್ನು ಪ್ರತ್ಯೇಕಿಸಲಾಯಿತು. ಬಿಆರ್‌ಸಿಎ-1 ಎಂಬುದು ಅದರ ಹೆಸರು. ಮರುವರ್ಷ ಬಿಆರ್‌ಸಿಎ-2 ಪತ್ತೆಯಾಯಿತು. ಜೀವಕೋಶದೊಳಗಿನ ಡಿಎನ್‌ಎ ತುಂಡಾದಾಗ ಅದನ್ನು ಸರಿಪಡಿಸಲು ಇವೆರಡೂ ಬೇಕು. ಕೆಟ್ಟ ಪ್ರತಿಯನ್ನು ಹೊತ್ತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ 80ರ ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ. ಅಂಡಾಶಯದ ಕ್ಯಾನ್ಸರಿನ ಅಪಾಯವೂ ಹೆಚ್ಚು. ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ದೋಷವಿದ್ದರೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಅಂಡಾಶಯದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಅಕ್ಕನೊಬ್ಬಳನ್ನು ಇಲ್ಲಿ ಕಲ್ಪಿಸಬಹುದು. ಪರೀಕ್ಷೆಯಲ್ಲಿ ಅವಳಿಗೆ ಈ ದೋಷವಿರುವುದು ತಿಳಿದಿದೆ. ತಂಗಿಯ ಮದುವೆಯ ಮಾತುಕತೆ ನಡೆಯುತ್ತಿದೆ. ವಿಷಯ ಹೊರಬಿದ್ದರೆ ಸಂಬಂಧ ತಪ್ಪೀತು, ಮನೆತನಕ್ಕೆ ಕಳಂಕ ಅಂಟೀತು ಎಂದು ಹಿರಿಯರು ಅಂಜುತ್ತಾರೆ. "ಮೊದಲು ಮದುವೆ ಮುಗಿಯಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಈ ಮೌನದಲ್ಲಿ ಕಪಟವಿಲ್ಲ, ಇರುವುದು ವಾತ್ಸಲ್ಯವೇ. ಆದರೆ ವಾತ್ಸಲ್ಯದಿಂದ ಹುಟ್ಟಿದ ಮಾತ್ರಕ್ಕೆ ಮೌನವು ನಿರ್ದೋಷವಾದೀತೆ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ, ಸ್ಥೂಲವಾದ ಅಸತ್ಯದೊಂದಿಗೆ ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ವರ್ಜ್ಯವೆಂದಿದ್ದಾರೆ. ಹಿರಿಯರ ಮೌನಕ್ಕೆ ಇದೇ ಆಧಾರವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅಲ್ಲಿ ಅಳತೆಗೋಲಾಗಿರುವುದು ವಿಪತ್ತು. ಪ್ರಸ್ತುತ ಸಂದರ್ಭದಲ್ಲಿ ವಿಪತ್ತು ಬರುವುದು ನುಡಿಯಿಂದಲೋ, ಮೌನದಿಂದಲೋ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಪರಿಹಾರವಿಲ್ಲದ ಕಾಲದಲ್ಲಿ ಇಂತಹ ಅರಿವು ಕೇವಲ ಭಯವಾಗಿತ್ತು. ಇಂದು ಹಾಗಿಲ್ಲ. ದೋಷವುಳ್ಳ ಸ್ತ್ರೀಯರು 25ರ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಂಆರ್‌ಐ ತಪಾಸಣೆ ಮಾಡಿಸಿಕೊಳ್ಳಬೇಕೆಂದೂ, ಮಕ್ಕಳಾದ ಬಳಿಕ ಅಂಡಾಶಯಗಳನ್ನು ತೆಗೆಸುವ ಬಗ್ಗೆ ಯೋಚಿಸಬೇಕೆಂದೂ ತಜ್ಞರು ಸಲಹೆ ನೀಡುತ್ತಾರೆ. ರೋಗ ಬಂದವರಿಗೂ ಹೊಸ ದಾರಿ ತೆರೆದಿದೆ. ಬಿಆರ್‌ಸಿಎ ಕೆಟ್ಟ ಕ್ಯಾನ್ಸರ್ ಕೋಶವು ತನ್ನ ಡಿಎನ್‌ಎ ರಿಪೇರಿಗೆ ಪಾರ್ಪ್ ಎಂಬ ಮತ್ತೊಂದು ಪ್ರೋಟೀನನ್ನು ನೆಚ್ಚಿಕೊಂಡಿರುತ್ತದೆ. ಹೊಳೆಯ ಎರಡು ಸೇತುವೆಗಳಲ್ಲಿ ಒಂದು ಕುಸಿದಾಗ ಊರಿನವರೆಲ್ಲ ಇನ್ನೊಂದನ್ನೇ ಹಾಯುವಂತೆ. ಆ ಇನ್ನೊಂದನ್ನೂ ಮುಚ್ಚಿದರೆ ಕೋಶ ಸಾಯುತ್ತದೆಂದು 2005ರಲ್ಲಿ ಎರಡು ಸಂಶೋಧನಾ ತಂಡಗಳು ಪ್ರಯೋಗಾಲಯದಲ್ಲಿ ತೋರಿಸಿದವು. ಆರೋಗ್ಯವಂತ ಕೋಶಗಳಲ್ಲಿ ಬಿಆರ್‌ಸಿಎಯ ಒಂದು ಒಳ್ಳೆಯ ಪ್ರತಿ ಉಳಿದಿರುವುದರಿಂದ ಅವು ಬದುಕಿಕೊಳ್ಳುತ್ತವೆ. ಈ ತತ್ತ್ವದ ಮೇಲೆ ರೂಪುಗೊಂಡ ಓಲಾಪರಿಬ್ ಗುಳಿಗೆಗೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇದು ಸರ್ವರೋಗನಿವಾರಕವಲ್ಲ, ಕೆಲವು ಗಡ್ಡೆಗಳು ಕಾಲಕ್ರಮದಲ್ಲಿ ಔಷಧಕ್ಕೆ ಮಣಿಯದಾಗುತ್ತವೆ. ಆದರೂ ಯಾವ ದೋಷ ಅಪಾಯವನ್ನು ತಂದಿತೋ ಅದೇ ದೋಷ ಚಿಕಿತ್ಸೆಗೆ ಬಾಗಿಲಾಗಿದೆ. ಅರಿವು ರಕ್ಷಣೆಯಾದಾಗ ಅದನ್ನು ಬಚ್ಚಿಡುವುದು ದಯೆಯಾಗಿ ಉಳಿಯುವುದಿಲ್ಲ.

ನ್ಯಾಯಾಲಯಗಳಿಗೂ ಈ ಪ್ರಶ್ನೆ ಸುಲಭವಾಗಿರಲಿಲ್ಲ. ವಂಶಪಾರಂಪರ್ಯದ ಕ್ಯಾನ್ಸರಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಅಮೆರಿಕದ ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯವು, ವೈದ್ಯರು ರೋಗಿಯನ್ನು ಎಚ್ಚರಿಸಿದರೆ ಸಾಕೆಂದು 1995ರಲ್ಲಿ ಹೇಳಿತು. ಮರುವರ್ಷ ನ್ಯೂಜೆರ್ಸಿಯ ಮೇಲ್ಮನವಿ ನ್ಯಾಯಾಲಯವು, ಅಪಾಯದಲ್ಲಿರುವ ಬಂಧುಗಳಿಗೂ ಎಚ್ಚರಿಕೆ ನೀಡಬೇಕಾಗಬಹುದೆಂದಿತು. ಯುನೆಸ್ಕೋ 1997ರಲ್ಲಿ ಅಂಗೀಕರಿಸಿದ ಮಾನವ ಜೀನೋಮ್ ಘೋಷಣೆಯು ಇನ್ನೊಂದು ಮುಖವನ್ನು ಎತ್ತಿ ಹಿಡಿಯಿತು: ತನ್ನ ಪರೀಕ್ಷೆಯ ಫಲವನ್ನು ತಿಳಿಯಬೇಕೆ ಬೇಡವೆ ಎಂದು ನಿರ್ಧರಿಸುವ ಹಕ್ಕು ಪ್ರತಿಯೊಬ್ಬರಿಗೂ ಉಂಟು.

ಹಾಗಾದರೆ ತಂಗಿಗೆ ತಿಳಿಯದಿರುವ ಹಕ್ಕೂ ಇದೆ. ಆದರೆ ಆ ಹಕ್ಕನ್ನು ಚಲಾಯಿಸಬೇಕಾದವಳು ಅವಳೇ. ಅವಳ ಪರವಾಗಿ ಹಿರಿಯರಲ್ಲ. ತಿಳಿಯತಕ್ಕ ವಿಷಯವೊಂದಿದೆ ಎಂದೇ ಗೊತ್ತಿಲ್ಲದವಳು ಅದನ್ನು ಬೇಡವೆನ್ನಲಾರಳು. ವರನ ಕಡೆಯವರಿಗೆ ಏನು ಹೇಳಬೇಕೆಂಬುದೂ ಮೊದಲಿಗೆ ಅವಳ ವಿವೇಕಕ್ಕೆ ಬಿಟ್ಟದ್ದು. ಅವಳಿಂದ ಮರೆಮಾಚಿದ ಮೌನವು ಅವಳ ಆರೋಗ್ಯದೊಂದಿಗೆ ಅವಳ ಸತ್ಯವನ್ನೂ ಕಸಿದುಕೊಳ್ಳುತ್ತದೆ. ಅಕ್ಕನ ಕರ್ತವ್ಯ ಇಷ್ಟೇ: ಪಕ್ಕದಲ್ಲಿ ಕುಳಿತು ವಿಷಯವಿದೆಯೆಂದು ತಿಳಿಸುವುದು, ಕೇಳಿದರೆ ಹೇಳುವುದು, ಬೇಡವೆಂದರೆ ಕಾಯುವುದು. ಊರಿನ ಬಾಯಿಗೆ ಅದನ್ನು ಬೀಳಗೊಡದಿರುವುದು ಉಳಿದವರೆಲ್ಲರ ಕರ್ತವ್ಯ.

ವಂಶವಾಹಿಯ ದೋಷ ಎಂಬ ಪದಪ್ರಯೋಗವೇ ಜನರನ್ನು ದಾರಿ ತಪ್ಪಿಸುವುದುಂಟು. ಅದು ಶೀಲದ ದೋಷವಲ್ಲ, ಕುಲದ ದೋಷವೂ ಅಲ್ಲ. ಕೊಟ್ಟವರು ಅರಿಯದೆ ಕೊಟ್ಟರು, ಪಡೆದವರು ಬೇಡದೆ ಪಡೆದರು. ಅದರಲ್ಲಿ ನಾಚಿಕೊಳ್ಳುವಂತಹದು ಏನೂ ಇಲ್ಲವೆಂದು ಸಮಾಜವು ಮನಗಂಡ ದಿನ, ಹಿರಿಯರು ಅಂಜಿ ಮೌನ ತಾಳುವ ಕಾರಣವೂ ಉಳಿಯದು.