ನೋಡಿದ ಮೇಲೆ

ಮೆಟ್ರೋದಲ್ಲಿ ನಿಂತು ಫೋನ್ ನೋಡುವಾಗ ಯುದ್ಧದ ಒಂದು ವಿಡಿಯೊ ಬರುತ್ತೆ. ಎರಡು ಸೆಕೆಂಡ್ ನೋಡ್ತೀನಿ, ಬೆರಳು ತಾನಾಗಿ ಮೇಲಕ್ಕೆ ತಳ್ಳುತ್ತೆ. ಮುಂದಿನದ್ದು ಯಾರದೋ ಬಿರಿಯಾನಿ. ನೋಡಿ ನಾನೇನು ಮಾಡೋಕಾಗುತ್ತೆ ಅಂತ ಸಮಾಧಾನ ಹೇಳಿಕೊಳ್ಳುವಾಗಲೆಲ್ಲ ಮೇರಿ ಕಾಲ್ವಿನ್ ನೆನಪಾಗುತ್ತಾರೆ.

ಕಾಲ್ವಿನ್ ಅಮೆರಿಕದವರು, ಲಂಡನ್ನಿನ ಸಂಡೇ ಟೈಮ್ಸ್‌ನ ಯುದ್ಧ ವರದಿಗಾರ್ತಿ. 1999ರಲ್ಲಿ ಪೂರ್ವ ತಿಮೋರ್‌ನ ಜನ ಇಂಡೊನೇಷ್ಯಾದಿಂದ ಬೇರೆಯಾಗಲು ಮತ ಹಾಕಿದ್ದೇ ತಡ, ಸಶಸ್ತ್ರ ಗುಂಪುಗಳು ಊರು ಸುಡತೊಡಗಿದವು. ದಿಲಿ ನಗರದ ವಿಶ್ವಸಂಸ್ಥೆಯ ಆವರಣದಲ್ಲಿ ಸುಮಾರು 1,500 ಜನ ಆಶ್ರಯ ಪಡೆದಿದ್ದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಬಹುತೇಕ ಪತ್ರಕರ್ತರು ಜಾಗ ಖಾಲಿ ಮಾಡಿದರು. ಕಾಲ್ವಿನ್ ಉಳಿದು ವರದಿ ಕಳಿಸುತ್ತಲೇ ಇದ್ದರು. ವಿಶ್ವಸಂಸ್ಥೆಯ ಸಿಬ್ಬಂದಿಯೂ ಜನರನ್ನು ಬಿಟ್ಟು ಹೊರಡಲು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಆ ಜನರನ್ನು ಸುರಕ್ಷಿತವಾಗಿ ಹೊರಗೆ ಸಾಗಿಸಲಾಯಿತು. ಅಲ್ಲಿ ನೋಡುವ ಕಣ್ಣೇ ಕಾವಲಾಯಿತು.

2001ರಲ್ಲಿ ಶ್ರೀಲಂಕಾದ ಯುದ್ಧ ವರದಿ ಮಾಡಲು ಹೋಗಿ ಎಡಗಣ್ಣಿನ ದೃಷ್ಟಿ ಕಳೆದುಕೊಂಡರು. ಕಪ್ಪು ಪಟ್ಟಿ ಕಟ್ಟಿಕೊಂಡು ಮತ್ತೆ ಕೆಲಸಕ್ಕೆ ಹೊರಟರು.

2012ರ ಫೆಬ್ರುವರಿಯಲ್ಲಿ ಸಿರಿಯಾದ ಹೋಮ್ಸ್ ನಗರದಿಂದ ಟಿವಿ ಚಾನೆಲ್‌ಗಳಿಗೆ ಮಾತಾಡುತ್ತ, ಶೆಲ್ ದಾಳಿಯಲ್ಲಿ ಕಣ್ಣೆದುರೇ ಸತ್ತ ಒಂದು ಮಗುವಿನ ಬಗ್ಗೆ ಹೇಳಿದರು. ಮರುದಿನ ಬೆಳಿಗ್ಗೆ ಅಂಥದ್ದೇ ದಾಳಿಯಲ್ಲಿ ತಾವೂ ಸತ್ತರು. ಯುದ್ಧ ನಿಲ್ಲಲಿಲ್ಲ, ವರ್ಷಗಟ್ಟಲೆ ನಡೆಯಿತು.

ಹಾಗಾದರೆ ಪ್ರಾಣ ಕೊಟ್ಟು ಸಾಧಿಸಿದ್ದೇನು? ದಿಲಿಯಲ್ಲಿ ಸರಿ, ಹೋಮ್ಸ್‌ನಲ್ಲಿ ವ್ಯರ್ಥ ಅನ್ನಬಹುದಾ? ನನಗೆ ಹಾಗನ್ನಿಸಲ್ಲ. ಹೇಳೋದು ಸಾಕ್ಷಿಯ ಕೆಲಸ. ಆಮೇಲಿನದು ಕೇಳಿದವರ ಪಾಲಿನದು. "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ನೆಪವನ್ನು ಆಕೆ ನಮ್ಮಿಂದ ಕಿತ್ತುಕೊಂಡರು. ಹೋಮ್ಸ್ ಸೋತದ್ದು ಆಕೆಯಿಂದಲ್ಲ, ಕೇಳಿಯೂ ಸುಮ್ಮನಿದ್ದವರಿಂದ.

2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಆಕೆಯ ಸಾವಿಗೆ ಸಿರಿಯಾ ಸರ್ಕಾರವೇ ಹೊಣೆ ಎಂದು ತೀರ್ಪು ಕೊಟ್ಟು, 30 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ವಿಧಿಸಿತು. ಓದಿ ಖುಷಿಪಟ್ಟೆ. ಆಮೇಲೆ ನಾಚಿಕೆಯಾಯಿತು. ಆಕೆಯ ಹೆಸರು, ಕಪ್ಪು ಪಟ್ಟಿ ಎಲ್ಲ ನೆನಪಿತ್ತು. ಆಕೆ ತೋರಿಸಿದ ಆ ಮಗುವನ್ನೇ ಮರೆತಿದ್ದೆ. ತೋರಿಸಿದ ಕೈಯನ್ನು ಹೊಗಳುತ್ತ, ತೋರಿಸಿದ್ದನ್ನು ನೋಡದೇ ಇರೋದೂ ಮೇಲಕ್ಕೆ ತಳ್ಳಿದ ಹಾಗೇ ಅಲ್ವಾ?

ಯುದ್ಧ ನಿಲ್ಲಿಸೋದು ನನ್ನ ಕೈಲಾಗಲ್ಲ. ಆದರೆ ಸುದ್ದಿಯನ್ನು ಕೊನೇ ಸಾಲಿನವರೆಗೂ ಓದಬಹುದು. ಆಫೀಸ್ ಕ್ಯಾಂಟೀನಲ್ಲಿ ಯಾರಾದರೂ "ಅದೆಲ್ಲ ಸುಳ್ಳು ಬಿಡಿ" ಅಂದಾಗ, "ಇಲ್ಲ, ನಾನು ಓದಿದ್ದೀನಿ" ಅನ್ನಬಹುದು. ಅಷ್ಟನ್ನೂ ಮಾಡದೆ ಏನೂ ಮಾಡೋಕಾಗಲ್ಲ ಅಂತ ಹೇಳುವ ಹಕ್ಕು ನನಗಿಲ್ಲ.