ಕಲಿಸಿದ ವಿದ್ಯೆ ಯಾರ ಸ್ವತ್ತು?

ನಮ್ಮ ಕಾಸರಗೋಡಿನ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಫುಟ್‌ಬಾಲ್ ಪಂದ್ಯ ನಡೆಯುವುದುಂಟು. ಒಂದು ವರ್ಷ ನಮ್ಮೂರಿನ ಹಳೆಯ ಆಟಗಾರರೊಬ್ಬರು ಪಕ್ಕದ ಊರಿನ ಹುಡುಗರಿಗೆ ಆಟ ಹೇಳಿಕೊಟ್ಟರು. ಆ ಹುಡುಗರು ನಮ್ಮವರನ್ನೇ ಸೋಲಿಸಿದರು. ಉಂಡ ಮನೆಗೆ ಎರಡು ಬಗೆದರು ಅಂತ ಆ ಸಂಜೆ ಬೈದವರಲ್ಲಿ ನಾನೂ ಒಬ್ಬ. ಅವರು ಎಂತದೂ ಹೇಳದೆ ಮನೆಗೆ ಹೋದರು.

ಜಿಮ್ಮಿ ಹೋಗನ್ ಎಂಬ ಇಂಗ್ಲಿಷ್ ಆಟಗಾರರ ಬಗ್ಗೆ ಓದಿದ ಮೇಲೆ ನನಗೆ ಆ ಮಾತು ಚುಚ್ಚತೊಡಗಿತು.

ಹೋಗನ್ ಹುಟ್ಟಿದ್ದು 1882ರಲ್ಲಿ, ಲ್ಯಾಂಕಾಷೈರಿನ ನೆಲ್ಸನ್ ಪಟ್ಟಣದಲ್ಲಿ. ಬರ್ನ್‌ಲಿ, ಫುಲಾಮ್, ಬೋಲ್ಟನ್ ತಂಡಗಳಿಗೆ ಆಡಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಅಭ್ಯಾಸ ಅಂದರೆ ಬರೀ ಓಟ. ವಾರವಿಡೀ ಚೆಂಡು ಕೊಡದಿದ್ದರೆ ಶನಿವಾರ ಆಟಗಾರರಿಗೆ ಚೆಂಡಿನ ಹಸಿವು ಹೆಚ್ಚುತ್ತದೆ ಎಂಬ ನಂಬಿಕೆ! ಚೆಂಡನ್ನು ಪಳಗಿಸುವುದೇ ಆಟ ಎಂದು ನಂಬಿದ್ದ ಹೋಗನ್ 1910ರಲ್ಲಿ ಹಾಲೆಂಡಿನಲ್ಲಿ, 1912ರಲ್ಲಿ ವಿಯೆನ್ನಾದಲ್ಲಿ ಕಲಿಸಿದರು. 1914ರಲ್ಲಿ ಯುದ್ಧ ಬಂದಾಗ ಶತ್ರುದೇಶದವರೆಂದು ಅವರನ್ನು ಅಲ್ಲಿ ಬಂಧಿಸಿದರು. ಆಮೇಲೆ ಬುಡಾಪೆಸ್ಟಿನ ಎಂಟಿಕೆ ತಂಡ ಅವರನ್ನು ಕರೆಸಿಕೊಂಡಿತು.

ಯುದ್ಧ ಮುಗಿದು ಊರಿಗೆ ಬಂದು ಫುಟ್‌ಬಾಲ್ ಸಂಸ್ಥೆಯಲ್ಲಿ ಸಹಾಯ ಕೇಳಿದರೆ ಸಿಕ್ಕಿದ್ದು ಕಾಲುಚೀಲ ಮಾತ್ರ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ರಣರಂಗಕ್ಕೆ ಹೋದವರಿಗೆ ಅದೇ ಸಾಕಾಗಿತ್ತಂತೆ.

1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿತು. ತಮಗೆ ಆಟ ಕಲಿಸಿದ್ದು ಹೋಗನ್ ಎಂದು ಹಂಗೇರಿಯ ಮುಖ್ಯಸ್ಥರು ಹೇಳಿದರು. 71 ವರ್ಷದ ಹೋಗನ್ ಅದೇ ಮೈದಾನದಲ್ಲಿ, ಆಸ್ಟನ್ ವಿಲ್ಲಾದ ಹುಡುಗರ ಜೊತೆ ಕೂತು ನೋಡುತ್ತಿದ್ದರು.

ಇದನ್ನು ದ್ರೋಹ ಅನ್ನಬಹುದಾ? ವಿದ್ಯೆ ಗದ್ದೆಯ ಹಾಗಲ್ಲ. ಗದ್ದೆಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟರೆ ನಮ್ಮದು ಹೋಯಿತು. ವಿದ್ಯೆ ಹಾಗೆ ಹೋಗುವುದಿಲ್ಲ. ಹೋಗನ್ ಹಂಗೇರಿಗೆ ಕೊಟ್ಟದ್ದು ಇಂಗ್ಲೆಂಡಿಗೂ ಸಿಗುವಂತಿತ್ತು. ಹಾಗಂತ ಹುಟ್ಟಿದ ಊರಿನ ಋಣ ಸುಳ್ಳು ಅಂತ ನಾನು ಹೇಳುವುದಿಲ್ಲ. ಋಣ ಉಂಟು, ಹೋಗನ್ ಅದನ್ನು ತೀರಿಸಲು ಬಂದೂ ಇದ್ದರು. 1934ರಲ್ಲಿ ಕೆಲಸಕ್ಕೆ ಸೇರಿಸಿಕೊಂಡ ಫುಲಾಮ್ ಅವರನ್ನು ಕೆಲವೇ ತಿಂಗಳಲ್ಲಿ ಬಿಡಿಸಿತು. ಆಸ್ಟನ್ ವಿಲ್ಲಾ ಕರೆದು ಇಟ್ಟುಕೊಂಡಿತು, 1938ರಲ್ಲಿ ಎರಡನೇ ಡಿವಿಜನ್ ಗೆದ್ದು ಮೇಲೇರಿತು. ಕೇಳಿದವರಿಗೆ ಸಿಕ್ಕಿತು, ಅಷ್ಟೇ.

ಹಾಗಾದರೆ ಕೊಡುವವನ ಋಣದ ಲೆಕ್ಕ ಹಾಕುವ ಮೊದಲು, ಕೇಳದೆ ಕೂತವರ ಲೆಕ್ಕ ಆಗಬೇಡವೇ? ನಮ್ಮ ಹುಡುಗರಿಗೂ ಕಲಿಸಿ ಎಂದು ಆ ಹಿರಿಯರನ್ನು ನಾವು ಒಂದು ದಿನವೂ ಕೇಳಿರಲಿಲ್ಲ. ಪಕ್ಕದ ಊರಿನವರು ಮನೆಬಾಗಿಲಿಗೆ ಬಂದು ಕೇಳಿದ್ದರು.

ಕಳೆದ ಕೊಯ್ಲಿನ ನಂತರ ನಾನೇ ಅವರ ಮನೆಗೆ ಹೋದೆ. ಆ ದಿನದ ಮಾತಿಗೆ ಕ್ಷಮೆ ಕೇಳಿದೆ. ಅವರು ಅದನ್ನು ಮುಂದುವರಿಸಲಿಲ್ಲ.

"ಚೆಂಡು ಎಷ್ಟು ಉಂಟು?" ಅಂತ ಕೇಳಿದರು.

"ಒಂದು ಉಂಟು" ಅಂದೆ.

"ಸಾಲದು ಮಾರಾಯ. ಇಬ್ಬರಿಗೆ ಒಂದಾದರೂ ಬೇಕು."