ಲಕ್ಷ್ಮಣತೀರ್ಥದ ಸ್ನಾನಫಲ

ಕೊಡಗಿನ ದಕ್ಷಿಣದಲ್ಲಿ, ಬ್ರಹ್ಮಗಿರಿ ಬೆಟ್ಟಸಾಲಿನ ತಪ್ಪಲಿನ ಕುರ್ಚಿ ಗ್ರಾಮದಲ್ಲಿ ಶ್ರೀ ರಾಮೇಶ್ವರ ಸ್ವಾಮಿಯ ಸನ್ನಿಧಿ ಇದೆ. ಇಲ್ಲಿಯ ಲಿಂಗವನ್ನು ಶ್ರೀರಾಮಚಂದ್ರನೇ ಪ್ರತಿಷ್ಠಾಪಿಸಿದನೆಂದು ಪ್ರತೀತಿ. ಸ್ವಾಮಿಯ ದರ್ಶನ ಮುಗಿಸಿದ ಭಕ್ತಾದಿಗಳು ಕಾಡಿನೊಳಗಿನ ದಾರಿ ಹಿಡಿದು ಇರ್ಪು ಜಲಪಾತಕ್ಕೆ ಹತ್ತುತ್ತಾರೆ. ನಡಿಗೆ ದೂರವಿಲ್ಲ. ವಯಸ್ಸಾದವರೂ ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಹೋಗಿ ಬರುತ್ತಾರೆ. ಸುಮಾರು 170 ಅಡಿ ಎತ್ತರದಿಂದ ಬಂಡೆಗಳ ಮೇಲೆ ಇಳಿಯುವ ಈ ನೀರೇ ಲಕ್ಷ್ಮಣತೀರ್ಥ.

ಸೀತಾಮಾತೆಯನ್ನು ಹುಡುಕುತ್ತ ರಾಮಲಕ್ಷ್ಮಣರು ಈ ಮಾರ್ಗವಾಗಿ ಬಂದಾಗ ಶ್ರೀರಾಮನಿಗೆ ಬಾಯಾರಿಕೆಯಾಯಿತಂತೆ. ಲಕ್ಷ್ಮಣನು ಬ್ರಹ್ಮಗಿರಿಗೆ ಬಾಣ ಹೂಡಿದನು, ಬೆಟ್ಟದಿಂದ ಗಂಗೆ ಚಿಮ್ಮಿದಳು. ಇದು ಸ್ಥಳಪುರಾಣ. ಇಲ್ಲಿ ಮಿಂದರೆ ಪಾಪ ಕಳೆಯುತ್ತದೆಂಬ ನಂಬಿಕೆಯಿಂದ ಶಿವರಾತ್ರಿಗೆ ಸಾವಿರಾರು ಜನ ಬರುತ್ತಾರೆ.

ಭಕ್ತರು ಇಲ್ಲೊಂದು ಮಾತನ್ನು ಗಮನಿಸಬೇಕು. ಅಣ್ಣನಂತೆಯೇ ತಮ್ಮನೂ ಕಾಡುಮೇಡು ಅಲೆದು ಬಂದವನು. ಅವನಿಗೂ ಬಾಯಾರಿರಲಿಲ್ಲವೇ? ಆದರೂ ‘ನನ್ನ ಪಾಲಿಗೆಷ್ಟು’ ಅಂತ ಅವನು ಕೇಳಲಿಲ್ಲ. ಅರಮನೆಯ ಸುಖ ಬಿಟ್ಟು 14 ವರ್ಷ ಅಣ್ಣನ ಹಿಂದೆ ನಡೆದವನು ಲೆಕ್ಕ ಇಡಲಿಲ್ಲ. ಹಾಗೆ ಹೊರಟ ಬಾಣಕ್ಕೆ ಕಲ್ಲೂ ಕರಗಿತು. ನೀರು ಕುಡಿದವನು ರಾಮ, ಹೆಸರು ಉಳಿದದ್ದು ಲಕ್ಷ್ಮಣನದು.

ಇಂದು ಒಂದೇ ಬಸಿರಲ್ಲಿ ಹುಟ್ಟಿದವರು ಒಂದು ಗದ್ದೆ ಬದುವಿಗಾಗಿ ಕೋರ್ಟು ಹತ್ತುತ್ತಾರೆ. ಅಣ್ಣನ ಮಗಳ ಮದುವೆಗೆ ತಮ್ಮ ಹೋಗುವುದಿಲ್ಲ, ತಮ್ಮ ಹಾಸಿಗೆ ಹಿಡಿದರೆ ಅಣ್ಣ ನೋಡುವುದಿಲ್ಲ. ಶಿವರಾತ್ರಿಗೆ ಮಾತ್ರ ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ ಬಂದು ಇದೇ ನೀರಿಗೆ ತಲೆಯೊಡ್ಡುತ್ತಾರೆ! ತಲೆ ನೆನೆಯಿತು, ನಿಜ. ಮನಸ್ಸು ನೆನೆಯಿತೇ? ಒಡಹುಟ್ಟಿದವನ ಮೇಲೆ ಹಗೆ ಇಟ್ಟುಕೊಂಡು ಲಕ್ಷ್ಮಣನ ತೀರ್ಥದಲ್ಲಿ ಮಿಂದರೆ ಪುಣ್ಯ ಎಲ್ಲಿಂದ ಬಂದೀತು? ಪಾಲು ಬೇಕಾದರೆ ಕಾನೂನಿನ ಪ್ರಕಾರ ಆಗಲಿ, ತಪ್ಪಿಲ್ಲ. ಮಾತು ಮಾತ್ರ ನಿಲ್ಲಬಾರದು. ಮಿಂದು ಹೋದವರು ಊರು ಮುಟ್ಟಿದ ದಿನವೇ ಅಣ್ಣನ ಜಗಲಿಗೆ ಹೋಗಿ, ‘ಅಣ್ಣಾ, ಹುಷಾರಾಗಿದ್ದೀಯಾ?’ ಅಂತ ಕೇಳಲಿ. ಅಷ್ಟಾದರೆ ಸ್ನಾನ ಪೂರ್ತಿಯಾದಂತೆ.

ಈ ನೀರು ಇಲ್ಲಿಗೇ ನಿಲ್ಲುವುದೂ ಇಲ್ಲ. ಹನಗೋಡು ಅಣೆಕಟ್ಟೆಯಲ್ಲಿ ಗದ್ದೆಗಳಿಗೆ ನೀರುಣಿಸಿ, ಹುಣಸೂರು ದಾಟಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಮ್ಮನನ್ನು ಸೇರುತ್ತದೆ. ಕೆಳಗೆ ಕುಡಿಯುವವರೂ ನಮ್ಮ ಒಡಹುಟ್ಟಿದವರೇ. ಆದಕಾರಣ ಸೋಪು, ಶಾಂಪೂ ಹಚ್ಚಬೇಡಿ. ಉಟ್ಟ ಬಟ್ಟೆ, ಪ್ಲಾಸ್ಟಿಕ್ ಕವರು ನೀರಿಗೆ ಬಿಡಬೇಡಿ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಜಿಗಣೆ ಇರುತ್ತದೆ, ನೀರಿನ ರಭಸ ಹೇಳಲಾಗದು. ಅರಣ್ಯ ಸಿಬ್ಬಂದಿ ಬೇಡ ಎಂದ ದಿನ ದೂರದಿಂದಲೇ ಕೈಮುಗಿದು ಬನ್ನಿ, ಭಕ್ತಿಗೆ ಕೊರತೆಯಾಗದು.

ಶ್ರೀ ರಾಮೇಶ್ವರನು ಎಲ್ಲರ ಮನೆಯಲ್ಲೂ ರಾಮಲಕ್ಷ್ಮಣರ ಪ್ರೀತಿಯನ್ನು ಉಳಿಸಲಿ.

॥ ಓಂ ನಮಃ ಶಿವಾಯ ॥